ತೊಗಲು ಮುಟ್ಟದ ನೀರು

ಮನೆಯವರೆಲ್ಲ ಮಲಗಿದ ಮೇಲೆ ಹಿತ್ತಲ ಬಾವಿಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಕತ್ತಲಲ್ಲಿ ಯಾರೋ ಕೂತು ತಂಬಿಗೆಯಿಂದ ನೀರು ಕುಡಿದಂತೆ ಗುಳುಕ್ ಎಂದು, ಸ್ವಲ್ಪ ತಡೆದು ಮತ್ತೆ ಗುಳುಕ್ ಎಂದು. ಕಿಟಕಿ ಮುಚ್ಚಿದರೆ ಕೇಳುತ್ತಿರಲಿಲ್ಲ. ನಾನು ಮುಚ್ಚುತ್ತಿರಲಿಲ್ಲ.

ಅದು ಹೊಸ ಪಂಪಿನ ಕೊಳವೆಯಿಂದ ನೀರು ಬಾವಿಗೆ ಮರಳಿ ಇಳಿಯುವ ಸದ್ದು. ಕೊಳವೆಯ ಕೆಳತುದಿಗೆ, ನೀರಿನ ತಳದಲ್ಲಿ, ಫುಟ್‌ವಾಲ್ವು ಎಂಬ ಕಬ್ಬಿಣದ ಪುಟ್ಟ ಬುಟ್ಟಿಯಂಥದ್ದು ಇರುತ್ತದೆ. ಅದರೊಳಗಿನ ಮುಚ್ಚಳ ನೀರನ್ನು ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಬರಲು ಬಿಡುವುದಿಲ್ಲ. ಬಿಡಬಾರದು. ಬಿಟ್ಟರೆ ಬೆಳಗಾಗುವುದರೊಳಗೆ ಕೊಳವೆ ಬರಿದಾಗುತ್ತದೆ, ಬರಿದಾದ ಪಂಪು ಎಷ್ಟು ತಿರುಗಿದರೂ ನೀರು ಎಳೆಯುವುದಿಲ್ಲ. ಆಗ ನಮ್ಮ ಆಳು ಲಗಮಪ್ಪ ಬಾವಿಯೊಳಗಿಳಿದು, ಎಂಜಿನ್ನಿನಿಂದ ಪಂಪಿಗೆ ಓಡುವ ಪಟ್ಟಾದ ಪಕ್ಕದಲ್ಲಿ ನಿಂತು, ಪಂಪಿಗೆ ನೀರು ಕುಡಿಸಬೇಕು. ಆ ಸದ್ದು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಕಾಣುತ್ತಿದ್ದುದು ಆ ಪಟ್ಟಾ, ಮತ್ತು ಅದಕ್ಕೆ ತೀರ ಹತ್ತಿರವಿದ್ದ ಅವನ ಹೆಗಲು.

"ಕೇಳಿಸ್ತೇನ್ರಿ?" ಎಂದು ಗಂಡನನ್ನು ಎಬ್ಬಿಸಿದೆ.

"ಮುಚ್ಚಳದ ತೊಗಲು ಇನ್ನೂ ನೆನೀಬೇಕು" ಎಂದರು ಇವರು. ತೊಗಲು ಎನ್ನುವಾಗ ದನಿ ತಗ್ಗಿಸಿದರು, ನಡುಮನೆಯಲ್ಲಿ ಅತ್ತೆಯವರು ಮಲಗಿದ್ದರು. "ನೆನದು ಉಬ್ಬಿತಂದ್ರ ತಾನ ಬಂದ್ ಆಕ್ಕೈತಿ. ಈಶಪ್ಪಣ್ಣ ಹೇಳ್ಯಾನಲ್ಲ. ಮಕ್ಕೊ."

ನಾನು ಮಲಗಿದೆ. ಸದ್ದು ನಿಲ್ಲಲಿಲ್ಲ.

ನಮ್ಮ ಮನೆ ಸನವಳ್ಳಿಯ ಊರಿನೊಳಗಲ್ಲ, ಹೊಲದಲ್ಲೇ ಇದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ನಾನು ಇಲ್ಲಿಗೆ ಬಂದಾಗ ಕೆಳಗಿನ ಹೊಲದ ಬಾವಿಯಲ್ಲಿ ಕಪಿಲೆ ನಡೆಯುತ್ತಿತ್ತು. ಎತ್ತಿನ ಜೋಡಿ ಇಳಿಜಾರಿನಲ್ಲಿ ಇಳಿದರೆ ತೊಗಲಿನ ದೊಡ್ಡ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ಆ ಬಾವಿಯ ಒಂದು ಮಗ್ಗುಲು ಕುಸಿದು ಒಳಗೆ ಬಿತ್ತು. ಹೊಲದಲ್ಲಿ ಕಬ್ಬು ನಿಂತಿತ್ತು. ಉಳಿದದ್ದು ಹಿತ್ತಲ ಬಾವಿ. ಆಳವಾದ ಮೆಟ್ಟಿಲ ಬಾವಿ, ಅರ್ಧದಲ್ಲಿ ಒಂದು ಅಗಲವಾದ ಕಲ್ಲಿನ ಕಟ್ಟೆ, ಅದರ ಕೆಳಗೆ ಬೇಸಿಗೆಯಲ್ಲೂ ಬತ್ತದ ನೀರು.

ಆದರೆ ಆ ಬಾವಿ ಅತ್ತೆಯವರದಾಗಿತ್ತು. ಅವರ ಹೆಸರು ಶಿವಗಂಗವ್ವ. ದಿನಾ ನಸುಕಿನಲ್ಲಿ ಹಿತ್ತಾಳೆ ಕೊಡದಿಂದ ತಾವೇ ನೀರು ಸೇದಿ, ಬಿಳಿ ಅರಿವೆಯಲ್ಲಿ ಸೋಸಿ, ಆ ನೀರಿನಿಂದ ಲಿಂಗಪೂಜೆ ಮಾಡುವರು. ಪೂಜೆಯಾಗದೆ ಬಾಯಿಗೆ ಹನಿ ಹಾಕುವುದಿಲ್ಲ. ಆ ನೀರಿಗೆ ತೊಗಲು ಮುಟ್ಟಬಾರದು ಎಂಬುದು ಅವರ ನೇಮ. ಇವರು ಚಿಕ್ಕವರಿದ್ದಾಗ ಯಾರದೋ ಚಪ್ಪಲಿ ಬಾವಿಗೆ ಬಿದ್ದಿತಂತೆ. ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ ಹೊಸ ಸೆಲೆ ಬರುವವರೆಗೆ ಅತ್ತೆಯವರು ಉಪವಾಸ ಕೂತರಂತೆ. ಕಡೆಗೆ ಎದ್ದು ನಡೆಯಲು ಆಗದೆ ಗೋಡೆ ಹಿಡಿದು ತೆವಳುತ್ತಿದ್ದುದನ್ನು ಇವರು ಇನ್ನೂ ಮರೆತಿರಲಿಲ್ಲ. ಆಗ ಅವರಿಗೆ ತಡೆದುಕೊಳ್ಳುವ ವಯಸ್ಸಿತ್ತು.

"ಕಬ್ಬು ಒಣಗಸು ಅಂತ ನಾ ಅನ್ನಾಂಗಿಲ್ಲ" ಎಂದರು ಮಗನಿಗೆ. "ಮಷೀನ ತಾ. ಆದರ ಅಂದಾನಿ, ತೊಗಲಿಂದು ಒಂದು ಚೂರೂ ನನ್ನ ಬಾವಿಗಿ ಇಳೀಬಾರ್ದು. ಇಳೀತಂದ್ರ ನನಗ ಹೇಳು. ನಾ ಬ್ಯಾರೇ ದಾರಿ ನೋಡಕೊಂತೇನಿ."

ಬೇರೆ ದಾರಿ ಎಂದರೆ ಏನೆಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ಪಂಪು ಮಾರುವ ಈಶಪ್ಪ ಇವರಿಗೆ ದೂರದ ಸಂಬಂಧದಲ್ಲಿ ಅಣ್ಣ.

"ಬಾರಪಾ ಅಂದಾನೆಪ್ಪ. ತಂಗಿ ಈರಕ್ಕನ್ನೂ ಕರಕೊಂಡ ಬಂದೀಯಲ್ಲ, ಪಂಪ ಬೇಕೋ ಸೀರಿ ಬೇಕೋ?"

"ಸೀರಿ ಮಾರಾಕ ಹತ್ತಿದ್ರ ಅದನ್ನೂ ತೋರಸು. ಮೊದಲ ಪಂಪ."

ಅಂಗಡಿಯ ತುಂಬ ಎಣ್ಣೆ ಮತ್ತು ಹೊಸ ಬಣ್ಣದ ವಾಸನೆ. ಈಶಪ್ಪ ಮೊದಲು ಒಂದು ಉದ್ದನೆಯ ಪಂಪು ತೋರಿಸಿದ. ಅದರ ದಂಡ ಮೇಲೆ ಕೆಳಗೆ ಆಡುತ್ತಿತ್ತು. ಆಳವಾದ ಬಾವಿಗೆ ಇದೇ ಗಟ್ಟಿ ಎಂದ. ಒಳಗೇನಿದೆ ಎಂದು ನಾನು ಕೇಳಿದೆ.

"ತೊಗಲಿನ ಬಟ್ಟಲು ಇರ್ತಾವಮ್ಮ. ಅವ ನೀರು ಹಿಡಿಯೂವು."

"ಅದು ಬ್ಯಾಡ" ಎಂದರು ಇವರು.

"ದೊಡ್ಡವ್ವನ ಕಾಯಿದೆ ಇನ್ನೂ ನಡದೈತೇನು?" ಎಂದು ಈಶಪ್ಪ ನಕ್ಕ. "ಹಂಗಾರ ಕರೆಂಟಿನ ಮೋಟಾರು ತಗೋ. ಹೊಗಿ ಇಲ್ಲ, ಎಣ್ಣಿ ಇಲ್ಲ, ಗದ್ದಲ ಇಲ್ಲ. ಒಂದ ತಾಪತ್ರಯ, ಕರೆಂಟೂ ಇಲ್ಲ. ದಾಂಡೇಲಿ ಮಿಲ್ಲಿಗಿ ದೀಪ ಬಂದಾವು. ನಿಮ್ಮೂರ ಕಂಬ ಇನ್ನೂ ಕುಳಗಿ ಕಾಡಿನ್ಯಾಗ ಗಿಡ ಆಗಿ ನಿಂತಾವ."

ಉಳಿದದ್ದು ಎಣ್ಣೆಯ ಎಂಜಿನ್ನು ಮತ್ತು ಅದರಿಂದ ತಿರುಗುವ ಗುಂಡು ಪಂಪು. ಈಶಪ್ಪ ಅಂಗೈ ಮೇಲೆ ಬೆರಳಿಟ್ಟು ತಿಳಿಸಿದ. ಎಂಜಿನ್ನು ಎಷ್ಟೇ ದೊಡ್ಡದಿರಲಿ, ಪಂಪು ತನಗಿಂತ ಇಪ್ಪತ್ತಡಿ ಕೆಳಗಿನ ನೀರನ್ನು ಎಳೆದೀತು, ಅದಕ್ಕಿಂತ ಆಳವಾದರೆ ಸೋಲುತ್ತದೆ. ಆದ್ದರಿಂದ ಪಂಪು ಬಾವಿಯ ದಂಡೆಯ ಮೇಲೆ ಕೂರುವಂತಿಲ್ಲ, ಒಳಗಿನ ಕಟ್ಟೆಯ ಮೇಲೆ ಇಳಿಯಬೇಕು.

"ಎಂಜಿನ್ನೂ ಅದರ ಬಾಜೂನ ಇಳಸೂಣು. ಭಾಳ ಮಂದಿ ಹಂಗ ಮಾಡ್ಯಾರ."

"ಹೊಗಿ ಎಲ್ಲಿ ಹೋಗ್ತೈತ್ರಿ?" ಎಂದೆ.

"ಕೊಳವಿ ಹಚ್ಚಿ ಮ್ಯಾಲ ಬಿಡೂದು."

"ಕೊಳವಿ ಬಿಚ್ಚಿತಂದ್ರ? ಕೆಳಗ ಮನಷ್ಯಾ ಇದ್ದಾಗ?"

ಈಶಪ್ಪ ಇವರ ಕಡೆ ತಿರುಗಿದ. "ಕಾಲೇಜು ಕಲತ ಹೆಣ್ಣಮಕ್ಕಳನ್ನ ಅಂಗಡಿಗಿ ಕರಕೊಂಡ ಬಂದ್ರ ಯಾಪಾರ ಆಗೂದಿಲ್ಲ ನೋಡು." ಆದರೂ ಸ್ವಲ್ಪ ಯೋಚಿಸಿ, "ಆಕಿ ಅನ್ನೂದೂ ಖರೇ ಐತಿ" ಎಂದ. ಹೀಗೆ ಎಂಜಿನ್ನು ಮೇಲೆ, ದಂಡೆಯ ಮೇಲೆ ಉಳಿಯುವುದು, ಪಂಪು ಕೆಳಗೆ ಕಟ್ಟೆಯ ಮೇಲೆ ಕೂರುವುದು, ಎರಡರ ನಡುವೆ ಒಂದು ಉದ್ದನೆಯ ದಪ್ಪ ಬಟ್ಟೆಯ ಪಟ್ಟಾ ಓಡುವುದು ಎಂದು ಗೊತ್ತಾಯಿತು. ಹೊಗೆಗೆ ಹೆದರಿ ನಾವು ಪಟ್ಟಾವನ್ನು ಆರಿಸಿಕೊಂಡೆವು.

ಎಲ್ಲ ಮುಗಿಯಿತು ಎನ್ನುವಾಗ ಈಶಪ್ಪ ಫುಟ್‌ವಾಲ್ವನ್ನು ತಂದಿಟ್ಟು ಅದರ ತಳ ಬಿಚ್ಚಿದ. ಒಳಗೆ ಕಂದು ಬಣ್ಣದ ಒಂದು ಗುಂಡು ತೊಗಲು ಇತ್ತು, ದೊಡ್ಡ ಹಪ್ಪಳದಷ್ಟು, ನಡುವೆ ಕಬ್ಬಿಣದ ಬಿಲ್ಲೆ.

"ಇದೊಂದ ನೋಡಪಾ. ಇದು ತೊಗಲು. ರಬ್ಬರಿಂದು ಬೇಕಂದ್ರ ಮುಂಬಯಿಯಿಂದ ತರಸಬೇಕು. ಯಾವಾಗ ಬರ್ತೈತಿ ಅಂತ ಹೇಳಾಕ ಬರೂದಿಲ್ಲ."

ಇವರು ಅದನ್ನು ತುಂಬ ಹೊತ್ತು ನೋಡಿದರು. ಕಬ್ಬಿನ ಎಲೆಗಳು ಆಗಲೇ ಸುರುಟಿಕೊಳ್ಳುತ್ತಿದ್ದವು. "ನೀರಿನ ತಳದಾಗ ಇರೂದು. ಯಾರ ಕಾಣ್ತಾರ" ಎಂದರು.

"ಅತ್ತಿಯಾರು ಕೇಳಿದ್ರ?" ಎಂದೆ.

"ರಬ್ಬರ್ ಅಂತೇನಿ. ನೀ ಏನೂ ಅನಬ್ಯಾಡ, ಅಷ್ಟ ಸಾಕು."

ಬಸ್ಸಿನಲ್ಲಿ ಮುಂಡಗೋಡದವರೆಗೂ ಅವರು ರಬ್ಬರ್ ಎಂಬ ಮಾತನ್ನು ತುಟಿಯಲ್ಲೇ ಅಂದು ನೋಡಿಕೊಂಡರು. ಸುಳ್ಳು ಹೇಳಿ ರೂಢಿ ಇದ್ದವರಲ್ಲ.

ಸಾಮಾನು ಚಕ್ಕಡಿಯಲ್ಲಿ ಬಂದು ಇಳಿಯಿತು. ಇಳಿಸಿದವನು ಲಗಮಪ್ಪ. ಬೆಳಗಾವಿ ಕಡೆಯವನು. ದಾಂಡೇಲಿಯಲ್ಲಿ ಮಿಲ್ಲು ಕಟ್ಟುವಾಗ ದಿಮ್ಮಿ ಹೊರಲು ಬಂದು, ಆಮೇಲೆ ಹೆಂಡತಿ ಯಲ್ಲವ್ವನ ಜೊತೆ ನಮ್ಮಲ್ಲಿಗೆ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿದ್ದ. ಮೊದಲು ಸೆರೆ ಕುಡಿಯುತ್ತಿದ್ದನಂತೆ. ಯಲ್ಲವ್ವ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡ ಮೇಲೆ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ.

"ಇದರ ಬಾಯಿ ನೋಡ್ರಿ ಅಕ್ಕಾರ" ಎಂದ ಪಂಪನ್ನು ತೋರಿಸಿ. "ಥೇಟ ನಮ್ಮ ಸ್ವಾದರಮಾವನ ಬಾಯಿ. ಮೊದಲ ಕುಡಸಬೇಕು, ಆಮ್ಯಾಲ ಕೆಲಸ."

"ನಿಮ್ಮ ಮಾವನ್ನ ಬಾವ್ಯಾಗ ಇಳಸಿದ್ರ ಎಂಜಿನ್ ಖರ್ಚ ಉಳೀತಿತ್ತು ಹಂಗಾರ" ಎಂದರು ಇವರು.

"ಅವಾ ಮ್ಯಾಲ ಬರಾಂಗಿಲ್ರಿ ಸಾವಕಾರ್ರ. ತಳದಾಗ ಮಕ್ಕೊಂಡ ಬಿಡ್ತಾನ."

ಅತ್ತೆಯವರು ಜಗಲಿಯಿಂದ ಇಳಿದು ಬಂದರು. ಸೆರಗಿನಿಂದ ಕೈ ಸುತ್ತಿಕೊಂಡು ಒಂದೊಂದೇ ಸಾಮಾನನ್ನು ಮುಟ್ಟಿ ನೋಡಿದರು. ಪಟ್ಟಾ ಮೂಸಿದರು. ಫುಟ್‌ವಾಲ್ವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಇದರೊಳಗ ಏನೈತಿ?" ಎಂದರು.

"ರಬ್ಬರ್ ಐತಿ ಯವ್ವಾ."

"ಸೈಕಲ್ಲಿನ ಗಾಲಿಗಿ ಇರ್ತೈತಲ್ಲ, ಅದಾ?"

"ಹೂಂ. ಅಂಥಾದ್ದ."

ಅವರು ವಾಲ್ವನ್ನು ನೋಡಲಿಲ್ಲ, ಮಗನ ಮುಖವನ್ನು ನೋಡಿದರು. ಆಮೇಲೆ ಸೆರಗು ಬಿಡಿಸಿಕೊಂಡು ಒಳಗೆ ಹೋದರು.

ಮರುದಿನ ಇವರು ಎಂಜಿನ್ನಿನ ಎಣ್ಣೆ ತರಲು ಮುಂಡಗೋಡಕ್ಕೆ ಹೋದರು. ಅಡುಗೆಮನೆಯ ಕಿಟಕಿಯಿಂದ ಅತ್ತೆಯವರು ದನದ ಕೊಟ್ಟಿಗೆಯ ಮುಂದೆ ಲಗಮಪ್ಪನ ಜೊತೆ ಮಾತಾಡುತ್ತಿದ್ದುದು ಕಾಣಿಸಿತು. ಯಾವಾಗಲೂ ನಗುತ್ತ ನಿಲ್ಲುವವನು ತಲೆ ತಗ್ಗಿಸಿ ನಿಂತಿದ್ದ. ಸಾಮಾನಿನ ಜಾಗ ಬದಲಿಸಲು ಹೇಳುತ್ತಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಅವರು ಜಗಲಿಯಲ್ಲಿ ಕೂತು ಹೊಲಿಯುತ್ತಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಕೌದಿ ಇರುತ್ತಿತ್ತು. ಹಳೆ ಅರಿವೆಗಳನ್ನು ಒಂದರ ಮೇಲೊಂದು ಹಾಸಿ, ಕೆಂಪು ನೂಲಿನಿಂದ ಒತ್ತಾಗಿ ಹೊಲಿಗೆ ಹಾಕುವರು. ನಾನು ಹತ್ತಿರ ಹೋಗಲಿಲ್ಲ.

ಈಶಪ್ಪನ ಕಡೆಯ ಮಿಸ್ತ್ರಿ ಬಂದು ಪಂಪು ಕೂರಿಸಿ ಹೋದ. ಮೊದಲ ನೀರು ಬಿದ್ದ ದಿನ ಅತ್ತೆಯವರು ಎಂಜಿನ್ನಿಗೆ ವಿಭೂತಿ ಹಚ್ಚಿ, ಕೊಳವೆಯ ಬಾಯಿಗೆ ತಮ್ಮ ಹಿತ್ತಾಳೆ ಕೊಡವನ್ನೇ ಹಿಡಿದರು. ಆ ನೀರನ್ನು ಸೋಸಿ ಪೂಜೆ ಮಾಡಿ, ಅಂಗೈಯಲ್ಲಿ ಹಾಕಿಕೊಂಡು ಕುಡಿದು, "ಛಲೋ ನೀರು ಕೊಟ್ಟೀಪಾ" ಎಂದರು. ಇವರು ಅವರ ಕಡೆ ನೋಡದೆ ಕಬ್ಬಿನ ಸಾಲಿನತ್ತ ಹೋದರು. ಅತ್ತೆಯವರು ಸುಳ್ಳನ್ನು ನಂಬಿದರು ಎಂದು ನನಗೆ ಸಮಾಧಾನಕ್ಕಿಂತ ಹೆಚ್ಚು ಅಂಜಿಕೆಯಾಯಿತು.

ಆದರೆ ಪಂಪು ಮೊದಲ ರಾತ್ರಿಯಿಂದಲೇ ಸೋರತೊಡಗಿತು. ಬೆಳಿಗ್ಗೆ ನೋಡಿದರೆ ಕೊಳವೆ ಬರಿದು. ಲಗಮಪ್ಪ ಕೆಳಗಿಳಿದು ಪಂಪಿನ ಮೇಲಿನ ತೂತಿಗೆ ಲಾಳಿಕೆ ಇಟ್ಟು ಕೊಡದಿಂದ ನೀರು ಸುರಿಯುತ್ತಿದ್ದ. ತುಂಬಿದ ಮೇಲೆ ತೂತು ಮುಚ್ಚಿ, ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದ. ಆಮೇಲೆ ಇವರು ಎಂಜಿನ್ನಿನ ಹ್ಯಾಂಡಲ್ ಹೊಡೆಯುತ್ತಿದ್ದರು. ಮೊದಲು ಹೀಗೆ ನಡೆಯಿತು. ದಿನ ಹೋದಂತೆ ಸೋರುವುದು ಹೆಚ್ಚಾಯಿತು. ಲಗಮಪ್ಪ ಮೇಲೆ ಬರುವಷ್ಟರಲ್ಲೇ ನೀರು ಇಳಿದು ಹೋಗಿ ಪಂಪು ಬರಿದೇ ಗರ್ರೆಂದು ತಿರುಗುತ್ತಿತ್ತು. ಮತ್ತೆ ಇಳಿ, ಮತ್ತೆ ಸುರಿ, ಮತ್ತೆ ಹತ್ತು.

"ನೀ ಕೆಳಗ ನಿಂದ್ರು" ಎಂದರು ಇವರು ಒಂದು ದಿನ, ಬೆವರೊರೆಸಿಕೊಳ್ಳುತ್ತ. "ನೀ ಸುರಕೋಂತ ಇರು, ನಾ ಚಾಲೂ ಮಾಡ್ತೇನಿ. ನೀರು ಹಿಡೀತಂದ ಕೂಡಲೇ ತೂತ ಬಂದ್ ಮಾಡಿ ಮ್ಯಾಲ ಬಾ."

ಅದು ಕೆಲಸಕ್ಕೆ ಬಂದಿತು. ಅಂದಿನಿಂದ ಅದೇ ರೂಢಿಯಾಯಿತು. ಕಟ್ಟೆಯ ಮೇಲೆ ಪಂಪಿನ ಗಾಲಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನಿಲ್ಲುವಷ್ಟು ಜಾಗ. ಪಟ್ಟಾದ ಎರಡು ತುದಿಗಳನ್ನು ಕಬ್ಬಿಣದ ಕೊಕ್ಕೆಗಳಿಂದ ಕೂಡಿಸಿದ್ದರು. ಆ ಕೂಡು ಗಾಲಿಯ ಮೇಲೆ ಹಾದಾಗಲೆಲ್ಲ ಟಕ್ ಎನ್ನುತ್ತಿತ್ತು. ನಾನು ದಿನಾ ದಂಡೆಗೆ ಹೋಗಿ ನಿಲ್ಲುತ್ತಿದ್ದೆ.

"ಆ ವಲ್ಲಿ ತಗದಿಟ್ಟ ಇಳಿ, ಲಗಮಪ್ಪ."

"ಥಂಡಿ ಐತ್ರಿ ಅಕ್ಕಾರ. ನಿಮ್ಮ ಬಾವ್ಯಾಗ ವರ್ಷಾ ಪೂರ್ತಿ ಮಾಗಿ." ಎನ್ನುತ್ತ ಹೆಗಲಿಗೆ ಹೊದ್ದಿದ್ದ ಉದ್ದನೆಯ ವಲ್ಲಿಯನ್ನು ತೆಗೆದು ನನ್ನ ಕಡೆ ಎಸೆಯುತ್ತಿದ್ದ. "ಹಿಡೀರಿ. ಯಲ್ಲವ್ವ ನಿಮಗ ಕಾವಲು ಹಚ್ಚ್ಯಾಳೇನು?"

ಇವರು ಹುಬ್ಬಳ್ಳಿಗೆ ಹೋಗಿ ಈಶಪ್ಪನನ್ನು ಕೇಳಿ ಬಂದರು. ಹೊಸ ತೊಗಲು ಗಡುಸಾಗಿರುತ್ತದೆ, ನೆನೆದು ಉಬ್ಬಿ ಮೆತ್ತಗಾದರೆ ತಾನೇ ಕೂರುತ್ತದೆ, ತಡೆಯಿರಿ ಎಂದಿದ್ದ. ಬಾವಿಯ ದಂಡೆಯಲ್ಲಿ ಇವರು ಅದನ್ನು ಸಣ್ಣ ದನಿಯಲ್ಲಿ ಲಗಮಪ್ಪನಿಗೆ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅವನು ಏನೋ ಹೇಳಲು ಬಾಯಿ ತೆರೆದು, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆಯವರ ಕಡೆ ನೋಡಿ, "ನೆನೀತೈತ್ರಿ" ಎಂದಷ್ಟೇ ಅಂದ.

ಅದಾದ ಮೇಲೆ ಒಮ್ಮೆ ನನ್ನೊಬ್ಬಳಿಗೇ ಹೇಳಿದ. "ಅಕ್ಕಾರ, ಕೊಳವಿ ಒಮ್ಮೆ ಎತ್ತಿ ನೋಡೂಣು ಅಂತ ಸಾವಕಾರ್ಗ ಹೇಳ್ರಿ."

"ಯಾಕ? ಏನರ ಆಗೈತೇನು?"

"ಏನಿಲ್ರಿ. ನೋಡಿದ್ರ ಛಲೋ. ನಾ ಹೇಳಿದೆ ಅಂತ ಅನಬ್ಯಾಡ್ರಿ."

ಆ ರಾತ್ರಿಯೇ ಹೇಳಿದೆ. ಇವರು ಕೈ ಆಡಿಸಿದರು. ಕೊಳವೆ ಎತ್ತಬೇಕಾದರೆ ಹುಬ್ಬಳ್ಳಿಯ ಮಿಸ್ತ್ರಿ ಬರಬೇಕು, ನಾಲ್ಕಾರು ಆಳು ಬೇಕು, ಅಷ್ಟು ದಿನ ಪಂಪು ನಿಲ್ಲಬೇಕು. "ಈ ಸರತಿ ನೀರ ಕಟ್ಟೂದು ಮುಗೀಲಿ. ಮುಗದ ಮ್ಯಾಲ ಎತ್ತಸ್ತೇನಿ" ಎಂದರು. ಕಬ್ಬಿನ ಅರ್ಧ ಹೊಲಕ್ಕೆ ನೀರು ಮುಟ್ಟಿತ್ತು, ಇನ್ನರ್ಧ ಕಾಯುತ್ತಿತ್ತು. ಅವರ ಮಾತನ್ನು ತಪ್ಪೆನ್ನಲು ನನ್ನಲ್ಲಿ ಹೆದರಿಕೆಯೊಂದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ. ನನ್ನ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ಕೆಲವು ದಿನ ಕಳೆದು ಒಂದು ಮುಂಜಾನೆ ಮಂಜು ಬಿದ್ದಿತ್ತು. ಅತ್ತೆಯವರಿಗೆ ಕೈ ನೋವೆಂದು ಪೂಜೆಯ ನೀರನ್ನು ನಾನು ಸೋಸುತ್ತಿದ್ದೆ. ಹಿತ್ತಲಲ್ಲಿ ಹ್ಯಾಂಡಲ್ ತಿರುಗಿದ್ದು, ಎಂಜಿನ್ನು ಕೆಮ್ಮಿ ಹೊತ್ತಿಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದರ ಸದ್ದು ಒಮ್ಮೆಲೇ ಭಾರವಾಯಿತು, ಎತ್ತು ಕೆಸರಿನಲ್ಲಿ ಹೂತ ಚಕ್ಕಡಿಯನ್ನು ಎಳೆಯುವಾಗಿನ ಹಾಗೆ. ಆಮೇಲೆ ಹಗುರಾಗಿ, ಕಟ್ಟಿಲ್ಲದ ಹಾಗೆ ಓಡತೊಡಗಿತು. ಪಟ್ಟಾ ಗಾಲಿಯಿಂದ ಕಳಚಿತ್ತು.

ನಾನು ಓಡಿದಾಗ ಇವರು ಎಂಜಿನ್ನು ನಿಲ್ಲಿಸಿ ಮೆಟ್ಟಿಲು ಇಳಿಯುತ್ತಿದ್ದರು. ಲಗಮಪ್ಪ ಕಟ್ಟೆಯ ಮೇಲೆ ಪಂಪನ್ನು ಅಪ್ಪಿಕೊಂಡವನಂತೆ ಬಿದ್ದಿದ್ದ. ಚಳಿಗೆಂದು ಅವನು ವಲ್ಲಿಯನ್ನು ಕುತ್ತಿಗೆಗೆ ಸುತ್ತಿ ಗಂಟು ಹಾಕಿಕೊಂಡಿದ್ದ. ಅದರ ಚುಂಗನ್ನು ಪಟ್ಟಾದ ಕೊಕ್ಕೆ ಹಿಡಿದಿತ್ತು. ವಲ್ಲಿಯ ಅರ್ಧ ಗಾಲಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು, ಉಳಿದರ್ಧ ಅವನ ಕುತ್ತಿಗೆಯಲ್ಲಿತ್ತು. ಪಂಪಿನ ತೂತಿನಲ್ಲಿ ಲಾಳಿಕೆ ಹಾಗೇ ನೆಟ್ಟಗೆ ನಿಂತಿತ್ತು. ಅದರಲ್ಲಿದ್ದ ನೀರು ನಾವು ನೋಡುತ್ತಿದ್ದಂತೆಯೇ ಗುಳುಕ್ ಎಂದು ಕೆಳಗಿಳಿಯಿತು.

ವಲ್ಲಿಯನ್ನು ಕುಡುಗೋಲಿನಿಂದ ಕತ್ತರಿಸಬೇಕಾಯಿತು. ಯಲ್ಲವ್ವ ಬದುವಿನ ಮೇಲಿಂದ ಓಡಿ ಬಂದವಳು ಅಳಲಿಲ್ಲ. ಅವನ ಪಾದಗಳನ್ನು ತನ್ನ ಸೀರೆಯಿಂದ ಒರೆಸುತ್ತ ಕೂತಳು.

ಮಧ್ಯಾಹ್ನ ಪೊಲೀಸ್ ಪಾಟೀಲರಾದ ಚನಬಸಪ್ಪನವರು ಬಂದರು. ಬಾವಿಯೊಳಗೆ ಬಗ್ಗಿ ನೋಡಿ, ಮೂಗಿಗೆ ವಸ್ತ್ರ ಹಿಡಿದು, ಜಗಲಿಯ ಮೇಲೆ ಕೂತರು.

"ಕುಡದಿದ್ನೇನು ಅಂದಾನೆಪ್ಪ?"

ಇವರು ಕಂಬಕ್ಕೆ ತಲೆ ಕೊಟ್ಟು ಕೂತಿದ್ದರು.

"ಕುಡದಿರಬೇಕು. ಇಲ್ಲಾಂದ್ರ ಯಾವಾ ಓಡೂ ಪಟ್ಟಾದ ಬಾಜೂ ನಿಂದರ್ತಾನ? ನೀರು ಹಾಕೂದು ಮುಗೀತಂದ್ರ ಮ್ಯಾಲ ಬರಬೇಕಪಾ. ಮೊದಲ ಕುಡೀತಿದ್ದ ಮಗ ಅಲ್ಲೇನು ಅಂವ?"

ಆಗಲೂ ಇವರು ಸುಮ್ಮನಿದ್ದರು. ಆ ಮೌನವನ್ನು ಪಾಟೀಲರು ಹೌದೆಂದು ತಿಳಿದರು. ಸಂಜೆಯ ಹೊತ್ತಿಗೆ ಸನವಳ್ಳಿಯ ತುಂಬ, ಕುಡಿದ ಅಮಲಿನಲ್ಲಿ ಪಟ್ಟಾಕ್ಕೆ ಸಿಕ್ಕು ಸತ್ತ ಎಂದಾಯಿತು.

ಇವರು ಊಟ ಬಿಟ್ಟರು. ನಾನು ತಟ್ಟೆ ತಂದಿಟ್ಟರೆ, "ಕೆಳಗ ನಿಂದ್ರು ಅಂದಾವ ನಾನ" ಎನ್ನುವರು. ಮತ್ತೆ ಸ್ವಲ್ಪ ಹೊತ್ತಿಗೆ, "ಹ್ಯಾಂಡಲ್ ಹೊಡದಾವನೂ ನಾನ." ಬೇರೆ ಮಾತಿಲ್ಲ. ಎಂಜಿನ್ನು ಕಣ್ಣಿಗೆ ಬೀಳಬಾರದೆಂದು ಈಶಪ್ಪನಿಗೆ ಹೇಳಿ ಕಳಿಸಿದರು.

ಈಶಪ್ಪ ಆಳುಗಳನ್ನು ಕರೆದುಕೊಂಡು ಬಂದು ಪಂಪು, ಪಟ್ಟಾ, ಕೊಳವೆ ಎಲ್ಲವನ್ನೂ ಮೇಲೆತ್ತಿಸಿದ. ಈ ಸಲ ತಮಾಷೆ ಮಾಡಲಿಲ್ಲ. ಆಳುಗಳು ಎಂಜಿನ್ನನ್ನು ಚಕ್ಕಡಿಗೆ ಏರಿಸುತ್ತಿದ್ದಾಗ ಫುಟ್‌ವಾಲ್ವು ಹಿತ್ತಲಲ್ಲಿ ಪಾಚಿ ಹಿಡಿದು ಬಿದ್ದಿತ್ತು. ಅಂಗಡಿಯಲ್ಲಿ ಈಶಪ್ಪ ಬಿಚ್ಚಿದ್ದನ್ನು ನೋಡಿದ್ದೆ. ನಾನು ಅದರ ತಳ ಬಿಚ್ಚಿದೆ. ತೊಗಲು ಎಷ್ಟು ನೆನೆದಿದೆ ಎಂದು ನೋಡುವ ಮನಸ್ಸಾಗಿತ್ತು.

ಒಳಗೆ ತೊಗಲು ಇರಲಿಲ್ಲ. ಬಟ್ಟೆಯಿತ್ತು. ಬಿಳಿ ಅರಿವೆಯನ್ನು ಎಷ್ಟೋ ಪದರು ಮಡಿಸಿ, ಗುಂಡಗೆ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಕೆಂಪು ನೂಲಿನಿಂದ ಒತ್ತೊತ್ತಾಗಿ ಹೊಲಿದಿತ್ತು. ಕೌದಿಯ ಹೊಲಿಗೆ. ಪದರುಗಳು ನೀರಿನಲ್ಲಿ ಸಡಿಲಾಗಿ, ಒಂದು ಮಗ್ಗುಲು ಮಡಚಿಕೊಂಡು, ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಅದು ಎಷ್ಟು ನೆನೆದಿದ್ದರೂ ಕೂರುತ್ತಿರಲಿಲ್ಲ.

ನಾನು ಅದನ್ನು ಕಿತ್ತು ಕೈಯಲ್ಲಿ ಹಿಡಿದು, ಬಿಚ್ಚಿದ ತಳವನ್ನು ಮೊದಲಿನಂತೆ ಕೂರಿಸಿದೆ. ಆಳೊಬ್ಬ ಬಂದು ವಾಲ್ವನ್ನು ಎತ್ತಿಕೊಂಡು ಹೋದ. ಚಕ್ಕಡಿ ಹೊರಟಿತು.

"ಅದು ನಂದು" ಎಂದರು ಹಿಂದಿನಿಂದ ಅತ್ತೆಯವರು.

ನಾನು ತಿರುಗಿದೆ. ಅವರು ಬಚ್ಚಿಡುವ ಮುಖದಲ್ಲಿರಲಿಲ್ಲ.

"ಪೂಜಿ ನೀರು ಸೋಸೂ ಅರಿವಿ. ಅಂದಾನಿ ರಬ್ಬರ್ ಅಂದ. ಸಣ್ಣಾವ ಇದ್ದಾಗಿಂದ ಅಂವ ಸುಳ್ಳ ಹೇಳಿದ್ರ ಕಿವಿ ಕೆಂಪ ಆಗ್ತಾವ. ಲಗಮಪ್ಪನ್ನ ಕೇಳಿದೆ. ಪಾಪ, ನನ್ನ ಮುಂದ ಅಂವಗ ಸುಳ್ಳ ಹೇಳಾಕ ಆಗಲಿಲ್ಲ."

"ನೀವ ತಗಸಿದ್ರೇನ್ರಿ?"

"ಹೂಂ. ಬಟ್ಟಿ ಹಾಕಿದ್ರ ನಡೀತೈತೇನಪಾ ಅಂದೆ. ಅಂವಾ ತಿರುಗಿಸಿ ಮುರುಗಿಸಿ ನೋಡಿ, ದಪ್ಪಗ ಹೊಲದ ಕೊಡ್ರಿ ದೊಡ್ಡವ್ವಾರ, ನಡದೀತು ಅಂದ. ಯಾರ ಮುಂದೂ ಹೇಳಬ್ಯಾಡ ಅಂತ ವಿಭೂತಿ ಮುಟ್ಟಿಸಿದೆ. ಮಗಾ ಹೇಳಿದ ಸುಳ್ಳು ಮನ್ಯಾಗ ಗೊತ್ತಾದ್ರ ಅವನ ಮಾರಿ ಉಳೀತೈತೇನು? ಅಂವ ಸುಳ್ಳ ಹೇಳಿದ್ದ ಈರಕ್ಕಾ. ನಾ ಅದನ್ನ ಖರೇ ಮಾಡಿದೆ, ಅಷ್ಟ."

ಬಟ್ಟೆಯಿಂದ ನೀರು ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬೀಳುತ್ತಿತ್ತು. ಅತ್ತೆಯವರು ಅದನ್ನೇ ನೋಡುತ್ತ, ಮೊದಲಿಗಿಂತ ಸಣ್ಣ ದನಿಯಲ್ಲಿ ಕೇಳಿದರು.

"ಅಂವ ಪಟ್ಟಾಕ್ಕ ಸಿಕ್ಕ ಸತ್ತ. ಇದು ನೀರಾಗಿತ್ತು. ಅದಕ್ಕೂ ಇದಕ್ಕೂ ಏನೂ ಇಲ್ಲಲಾ?"

ಅವರಿಗೆ ಪಂಪಿನ ರೀತಿ ತಿಳಿದಿರಲಿಲ್ಲ. ಮುಚ್ಚಳ ಸೋರಿದರೆ ಮೇಲೊಬ್ಬ ಕೆಳಗೊಬ್ಬ ಯಾಕೆ ನಿಲ್ಲಬೇಕಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಮುಂದೆ ಆ ಮುಚ್ಚಳದ ಮಾತನ್ನೇ ನಾವು ಎತ್ತುತ್ತಿರಲಿಲ್ಲ. ಅವರ ಕಣ್ಣು ಬಟ್ಟೆ ಬಿಟ್ಟು ನನ್ನ ಮುಖಕ್ಕೆ ಏರಿತ್ತು. ಚಪ್ಪಲಿ ಬಿದ್ದ ಕಾಲದಲ್ಲಿ ಗೋಡೆ ಹಿಡಿದು ತೆವಳಿದ ಹೆಂಗಸು. ಈಗ ಅವರ ಮಣಿಕಟ್ಟು ನನ್ನ ಎರಡು ಬೆರಳಿಗೆ ಸಿಗುವಷ್ಟಿತ್ತು.

"ಇಲ್ಲ್ರಿ ಅತ್ತಿ" ಎಂದೆ. "ಏನೂ ಇಲ್ಲ."

ಅವರು ನಿಟ್ಟುಸಿರು ಬಿಟ್ಟು, ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದರು.

ಯಲ್ಲವ್ವ ಬಂದದ್ದು ಮರುದಿನ ಮುಂಜಾನೆ. ತವರಿಗೆ ಹೋಗಲು ಗಂಟು ಕಟ್ಟಿಕೊಂಡಿದ್ದಳು. ಜಗಲಿ ಹತ್ತಲಿಲ್ಲ, ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಸಾವಕಾರ್ರ ಮಾರಿ ನೋಡಾಕ ಆಗಾಂಗಿಲ್ರಿ. ನಿಮ್ಮ ಮುಂದ ಹೇಳಿ ಹೋಗೂಣು ಅಂತ ಬಂದೆ."

"ಕೂಡ್ರು ಯಲ್ಲವ್ವ."

"ಬ್ಯಾಡ್ರಿ, ಬಸ್ಸಿಗಿ ಹೊತ್ತಾಕ್ಕೈತಿ. ಅಕ್ಕಾರ, ಒಂದ ಕೇಳ್ತೇನಿ. ಅಂವ ಕುಡದಿದ್ನೇನ್ರಿ? ಮುಂಜಾನೆ ನನ್ನ ಕೈಯಾಗ ರೊಟ್ಟಿ ಈಸಕೊಂಡು ತಿಂದ ಬಂದಾನ. ನನ್ನ ತಲಿ ಮುಟ್ಟಿ ಬಿಟ್ಟಾವ್ರಿ ಅಂವ."

"ಕುಡದಿದ್ದಿಲ್ಲ."

"ಹಂಗಾರ ಯಾಕ ನಿಂತಿದ್ದ? ಓಡೂ ಪಟ್ಟಾದ ಬಾಜೂ ಅಂವ ಯಾಕ ನಿಂತಿದ್ದ? ಊರ ಮಂದಿ ಕೇಳ್ತಾರ, ನನಗ ಉತ್ತರ ಇಲ್ಲ. ನೀವು ಕಲತಾವ್ರು. ನೀವು ಪಾಟೀಲರ ಮುಂದ ಹೇಳಿದ್ರ ಕೇಳ್ತಾರ್ರಿ."

ಒಳಗೆ ಅತ್ತೆಯವರು ನೀರು ಸೋಸುವ ಸದ್ದು ಬರುತ್ತಿತ್ತು. ಜಗಲಿಯಲ್ಲಿ ಇವರು ಕಂಬಕ್ಕೆ ಒರಗಿ ಕೂತಿದ್ದರು. ಕುಡಿದಿರಲಿಲ್ಲ ಎಂದು ಹೇಳಿದರೆ ಯಾಕೆ ನಿಂತಿದ್ದ ಎಂದು ಹೇಳಬೇಕು. ಅದನ್ನು ಹೇಳಿದರೆ ಯಾಕೆ ಸೋರಿತು ಎಂದು ಹೇಳಬೇಕು. ಅದನ್ನೂ ಹೇಳಿದರೆ ಅಂಗಡಿಯಲ್ಲಿ ಆಡಿದ ಮಾತಿಗೆ ಬಂದು ನಿಲ್ಲಬೇಕು. ಅಷ್ಟು ಹೊತ್ತಿಗೆ ಈ ಮನೆಯಲ್ಲಿ ಅನ್ನ ಮುಟ್ಟುವವರು ಯಾರೂ ಉಳಿದಿರುವುದಿಲ್ಲ. ಯಲ್ಲವ್ವನಿಗಾದರೂ ಸಿಗುವುದೇನು? ಅವಳ ಗಂಡ ಯಾರದೋ ನೇಮಕ್ಕಾಗಿ, ಯಾರದೋ ಮಾನಕ್ಕಾಗಿ ಬಾಯಿ ಮುಚ್ಚಿಕೊಂಡು ಅಲ್ಲಿ ನಿಂತಿದ್ದ ಎಂಬ ಸುದ್ದಿ. ಅದು ಅವಳಿಗೆ ಸಲ್ಲಬೇಕಾದ ಸುದ್ದಿಯೇ ಆಗಿತ್ತು. ಅದು ನನಗೆ ಗೊತ್ತಿತ್ತು.

ಅವಳು ಗಂಟಿನ ಮೂಲೆ ಬಿಚ್ಚಿ ಏನನ್ನೋ ತೆಗೆದು ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮ ಮಷೀನಿಂದಂತ. ದೊಡ್ಡವ್ವಾರು ಒಗದ ಬಾ ಅಂದಿದ್ರಂತ. ಛಲೋ ತೊಗಲೈತಿ, ಚಪ್ಪಲಿಗಿ ಆಗ್ತೈತಿ ಅಂತ ಅಂವ ಇಟಗೊಂಡಿದ್ದ. ನಿಮ್ಮ ಸಾಮಾನು ನಮಗ್ಯಾಕ್ರಿ."

ಕಂದು ಬಣ್ಣದ ಗುಂಡು ತೊಗಲು. ನೀರು ಸೋಂಕದೆ ಅಂಗಡಿಯಲ್ಲಿ ನೋಡಿದಾಗ ಇದ್ದಂತೆಯೇ ಗಡುಸಾಗಿತ್ತು.

ಅವಳು ಬದುವಿನ ಮೇಲೆ ದೂರ ಹೋಗುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಬಿಲ್ಲೆಯನ್ನು ತೆಗೆದು ತೊಗಲಿನ ಮೇಲಿಟ್ಟೆ. ಅಳತೆ ಸರಿಯಾಗಿ ಕೂತಿತು. ಎರಡನ್ನೂ ಕಬ್ಬಿನ ಸಾಲಿಗೆ ಒಯ್ದು, ನೀರು ಮುಟ್ಟದೆ ಒಣಗಿ ನಿಂತ ಕಡೆ, ಕುರ್ಚಿಗೆಯಿಂದ ನೆಲ ಅಗೆದು ಹೂತು, ಮೇಲೆ ಮಣ್ಣು ಎಳೆದು ಕಾಲಿನಿಂದ ತುಳಿದೆ. ತಿರುಗಿ ಬರುವಾಗ ಮನಸ್ಸಿನಲ್ಲಿ ಯಾವ ಹೊಯ್ದಾಟವೂ ಉಳಿದಿರಲಿಲ್ಲ. ಇವರಿಗೂ ಹೇಳುವುದಿಲ್ಲ, ಅತ್ತೆಯವರಿಗೂ ಇಲ್ಲ, ಪಾಟೀಲರಿಗೂ ಇಲ್ಲ.

"ಯಾರ ಬಂದಿದ್ರು?" ಎಂದರು ಇವರು ಕಂಬದ ಬುಡದಿಂದ.

"ಯಲ್ಲವ್ವ."

"ಏನಂದ್ಲು?"

"ಏನಿಲ್ರಿ" ಎಂದೆ. "ಊರಿಗಿ ಹೋಗ್ತೇನಿ ಅಂತ ಹೇಳಾಕ ಬಂದಿದ್ಲು."